ಅರ್ಲ್ ಎಸ್. ಮ್ಯಾಕ್‌ಫರ್ಸನ್

ಅರ್ಲ್ ಸ್ಟೀಲ್ ಮ್ಯಾಕ್‌ಫರ್ಸನ್ (ಜುಲೈ 6, 1891 – ಜನವರಿ 26, 1960) ಅಮೆರಿಕದ ವಾಹನ ಇಂಜಿನಿಯರ್. ಕಾರುಗಳ ಸಸ್ಪೆನ್ಷನ್ ವ್ಯವಸ್ಥೆಯಲ್ಲಿ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ 'ಮ್ಯಾಕ್‌ಫರ್ಸನ್ ಸ್ಟ್ರಟ್' ಇವರ ಹೆಸರನ್ನೇ ಹೊತ್ತಿದೆ. ಹಗುರವಾದ, ಅಗ್ಗವಾದ ಕಾರಿನಲ್ಲಿ ಕುಳಿತವರಿಗೂ ದೊಡ್ಡ ಕಾರಿನ ಸುಖ ಸಿಗಬೇಕು ಮತ್ತು ಆ ಸುಖ ಕಾರಿನ ಬಾಳಿಕೆಗೆ ಮಾರಕವಾಗಬಾರದು ಎಂಬ ಸಮಸ್ಯೆಗೆ ಅವರು ಕಂಡುಕೊಂಡ ಉತ್ತರ ಇದು. ಯಾವ ಕಾರಿಗಾಗಿ ಈ ವ್ಯವಸ್ಥೆ ರೂಪುಗೊಂಡಿತೋ ಆ ಕಾರು ಮಾತ್ರ ಮಾರುಕಟ್ಟೆಗೆ ಬರಲೇ ಇಲ್ಲ.

ಆರಂಭಿಕ ಜೀವನ

ಮ್ಯಾಕ್‌ಫರ್ಸನ್ ಅವರು ಅಮೆರಿಕದ ಇಲಿನಾಯ್ ರಾಜ್ಯದ ಹೈಲ್ಯಾಂಡ್ ಪಾರ್ಕ್‌ನಲ್ಲಿ ಜನಿಸಿದರು. ಇಲಿನಾಯ್ ವಿಶ್ವವಿದ್ಯಾಲಯದಿಂದ 1915ರಲ್ಲಿ ಪದವಿ ಪಡೆದು ಡೆಟ್ರಾಯಿಟ್‌ನ ಚಾಲ್ಮರ್ಸ್ ಮೋಟರ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ಪರವಾಗಿ ಯುರೋಪಿನಲ್ಲಿದ್ದು ವಿಮಾನ ಎಂಜಿನುಗಳ ಮೇಲೆ ದುಡಿದರು. ಪ್ರತಿಯೊಂದು ಭಾಗವೂ ಹಗುರವಾಗಿರಬೇಕು, ಆದರೆ ಮುರಿಯಬಾರದು ಎಂಬುದು ವಿಮಾನ ನಿರ್ಮಾಣದ ಮೊದಲ ನಿಯಮ. ಮುಂದೆ ಅವರು ಕೈಗೊಂಡ ಹಗುರ ಕಾರಿನ ಕೆಲಸದಲ್ಲೂ ಇದೇ ನಿಯಮ ಮುಖ್ಯವಾಗಿತ್ತು.

ಯುದ್ಧದ ನಂತರ ಲಿಬರ್ಟಿ ಮೋಟರ್ ಕಾರ್ ಕಂಪನಿಯಲ್ಲಿಯೂ, 1923ರಿಂದ ಹಪ್‌ಮೊಬೈಲ್ ಕಂಪನಿಯಲ್ಲಿಯೂ ಸೇವೆ ಸಲ್ಲಿಸಿದರು. 1934ರಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯನ್ನು ಸೇರಿ, ಮುಂದೆ ಅದರ ಷೆವರ್ಲೆ ವಿಭಾಗದಲ್ಲಿ ವಿನ್ಯಾಸದ ಮುಖ್ಯ ಇಂಜಿನಿಯರ್ ಆದರು.

ಆ ಕಾಲದ ಸಸ್ಪೆನ್ಷನ್

ಸ್ಪ್ರಿಂಗ್ ಇಲ್ಲದ ಗಾಡಿಯ ಅನುಭವ ಕರ್ನಾಟಕದ ಬಯಲುಸೀಮೆಯವರಿಗೆ ಹೊಸದಲ್ಲ. ಅಮೃತಮಹಲ್ ತಳಿಗೆ ಹೆಸರಾದ ಅಜ್ಜಂಪುರದಂಥ ಊರುಗಳಲ್ಲಿ ಎತ್ತಿನ ಗಾಡಿಯ ಅಚ್ಚು ನೇರವಾಗಿ ಗಾಡಿಯ ಮೈಗೆ ಕೂಡಿಕೊಂಡಿರುತ್ತಿತ್ತು. ಚಕ್ರ ಕಲ್ಲನ್ನು ಹತ್ತಿದರೆ ಇಡೀ ಗಾಡಿಯೇ ಹತ್ತುತ್ತಿತ್ತು, ಇಳಿದರೆ ಇಡೀ ಗಾಡಿಯೇ ಇಳಿಯುತ್ತಿತ್ತು. ನಿಧಾನವಾದ ಎತ್ತಿನ ನಡಿಗೆಯಲ್ಲಿ ಇದನ್ನು ಹೇಗೋ ಸಹಿಸಬಹುದು. ವೇಗ ಹೆಚ್ಚಿದಂತೆ ಸವಾರನ ಬೆನ್ನೂ ಗಾಡಿಯ ಕೀಲುಗಳೂ ಒಟ್ಟಿಗೇ ಸೋಲುತ್ತವೆ. ಆದ್ದರಿಂದಲೇ ಜಟಕಾ ಗಾಡಿಗೆ ಉಕ್ಕಿನ ಪಟ್ಟಿಗಳ ಕಮಾನು ಬಂತು. ಮೊದಲ ಮೋಟಾರು ಕಾರುಗಳು ಈ ಕಮಾನನ್ನೇ ಎರವಲು ಪಡೆದವು.

ಕಮಾನು ಮಾತ್ರ ಇದ್ದರೆ ಒಂದು ಗುಂಡಿಗೆ ಕಾರು ಹತ್ತು ಬಾರಿ ಕುಣಿಯುತ್ತದೆ. ಈ ಕುಣಿತವನ್ನು ಅಡಗಿಸುವ ಸಾಧನವೇ ಶಾಕ್ ಅಬ್ಸಾರ್ಬರ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾರ್ಟ್‌ಫರ್ಡ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಸಾಧನದಲ್ಲಿ ಎರಡು ತೋಳುಗಳ ನಡುವಿನ ಬಿಲ್ಲೆಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು. ನಡುವಿನ ನಟ್ಟನ್ನು ತಿರುಗಿಸಿ ಉಜ್ಜಾಟವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದಿತ್ತು. ಬಿಗಿತವನ್ನು ಮಾಲೀಕನೇ ಹೊಂದಿಸಿಕೊಳ್ಳುವ ಸಸ್ಪೆನ್ಷನ್ನಿನ ಇತಿಹಾಸ ಹೀಗೆ ಬಹಳ ಹಳೆಯದು. ನಟ್ಟನ್ನು ಹೆಚ್ಚು ಬಿಗಿ ಮಾಡಿದರೆ ಸ್ಪ್ರಿಂಗ್ ಅಲುಗಾಡದೆ ಏಟು ನೇರವಾಗಿ ಚೌಕಟ್ಟಿಗೆ ಬೀಳುತ್ತದೆ, ಸಡಿಲ ಬಿಟ್ಟರೆ ಕುಣಿತ ನಿಲ್ಲುವುದಿಲ್ಲ ಎಂಬ ಇಕ್ಕಟ್ಟು ಕೂಡ ಅಷ್ಟೇ ಹಳೆಯದು.

ಮ್ಯಾಕ್‌ಫರ್ಸನ್ ಅವರು ಜನರಲ್ ಮೋಟರ್ಸ್ ಸೇರಿದ 1934ರಲ್ಲೇ ಆ ಸಂಸ್ಥೆಯ ಕಾರುಗಳಿಗೆ ಮುಂಚಕ್ರಗಳ ಸ್ವತಂತ್ರ ಸಸ್ಪೆನ್ಷನ್ ಬಂದಿತು. ಅದರಲ್ಲಿ ಎಡಚಕ್ರ ಗುಂಡಿಗೆ ಬಿದ್ದರೆ ಬಲಚಕ್ರ ಅಲುಗಬೇಕಾಗಿಲ್ಲ. ಷೆವರ್ಲೆ ಕಾರುಗಳಲ್ಲಿ ಆಗ ಬಳಸಿದ್ದು ಡುಬೊನೆ ಎಂಬ ವಿಧಾನ. ಅದರ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳು ಎಣ್ಣೆ ತುಂಬಿದ ಮುಚ್ಚಿದ ಪೆಟ್ಟಿಗೆಯೊಳಗೆ ಇರುತ್ತಿದ್ದವು. ಸವಾರಿ ಮೃದುವಾಗಿತ್ತು, ಆದರೆ ಎಣ್ಣೆ ಸೋರದಂತೆ ಸದಾ ಎಚ್ಚರ ವಹಿಸಬೇಕಾಗಿತ್ತು. 1939ರ ಹೊತ್ತಿಗೆ ಷೆವರ್ಲೆ ಈ ವಿಧಾನವನ್ನು ಕೈಬಿಟ್ಟು, ಮೇಲೊಂದು ಕೆಳಗೊಂದು ತೋಳಿರುವ ಸರಳ ವಿಧಾನಕ್ಕೆ ಬಂದಿತು. ಮೃದುತ್ವ ಮತ್ತು ಬಾಳಿಕೆ ಎರಡನ್ನೂ ಒಟ್ಟಿಗೆ ಗಳಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಮ್ಯಾಕ್‌ಫರ್ಸನ್ ಅವರ ವಿಭಾಗವೇ ಹೀಗೆ ಸಾಕ್ಷಿಯಾಗಿತ್ತು.

ಷೆವರ್ಲೆ ಕೆಡೆಟ್

ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ, 1945ರಲ್ಲಿ, ಸಣ್ಣ ಕಾರೊಂದನ್ನು ರೂಪಿಸುವ ಯೋಜನೆಯನ್ನು ಷೆವರ್ಲೆ ಕೈಗೊಂಡಿತು. ಅದರ ಮುಖ್ಯ ಇಂಜಿನಿಯರ್ ಆಗಿ ಮ್ಯಾಕ್‌ಫರ್ಸನ್ ನೇಮಕಗೊಂಡರು. 'ಕೆಡೆಟ್' ಎಂದು ಹೆಸರಿಸಲಾದ ಈ ಕಾರು ನಾಲ್ಕು ಜನರನ್ನು ಹೊರಬೇಕು, 2,200 ಪೌಂಡ್ (ಸುಮಾರು 1,000 ಕೆ.ಜಿ.) ತೂಗಬೇಕು ಮತ್ತು 1,000 ಡಾಲರಿಗಿಂತ ಕಡಿಮೆ ಬೆಲೆಗೆ ಸಿಗಬೇಕು ಎಂಬುದು ಗುರಿಯಾಗಿತ್ತು. ಮುಂಚಕ್ರ ಮತ್ತು ಹಿಂಚಕ್ರಗಳ ನಡುವಿನ ಅಂತರ 108 ಇಂಚು.

ಹಗುರ ಕಾರಿನ ಮುಖ್ಯ ತೊಡಕು ಹೊರೆಯ ಏರಿಳಿತದಲ್ಲಿದೆ. 2,000 ಕೆ.ಜಿ. ತೂಗುವ ಕಾರಿನಲ್ಲಿ ಜನ ಮತ್ತು ಸಾಮಾನು ಸೇರಿ 300 ಕೆ.ಜಿ. ಏರಿದರೆ ತೂಕ ಹೆಚ್ಚುವುದು ಶೇ. 15ರಷ್ಟು. ಅದೇ ಹೊರೆ 1,000 ಕೆ.ಜಿ. ಕಾರಿನ ಮೇಲೆ ಬಿದ್ದರೆ ಶೇ. 30ರಷ್ಟು ಹೆಚ್ಚುತ್ತದೆ. ಸ್ಪ್ರಿಂಗನ್ನು ಚಾಲಕನೊಬ್ಬನಿಗೆ ಹಿತವಾಗುವಷ್ಟು ಮೃದುವಾಗಿ ಇಟ್ಟರೆ, ನಾಲ್ವರು ಕುಳಿತಾಗ ಕಾರು ಕುಸಿದು ಕೆಳಗಿನ ತಡೆಗೆ ಬಡಿಯುತ್ತದೆ. ನಾಲ್ವರಿಗೆ ತಕ್ಕಂತೆ ಬಿಗಿಯಾಗಿ ಇಟ್ಟರೆ, ಒಬ್ಬನೇ ಹೋಗುವಾಗ ಎತ್ತಿನ ಗಾಡಿಯ ಅನುಭವವಾಗುತ್ತದೆ.

ಇದನ್ನು ಸ್ಥೂಲವಾಗಿ ಲೆಕ್ಕ ಹಾಕಬಹುದು. ಕಾರಿನ ಒಡಲು ಸೆಕೆಂಡಿಗೆ ಒಂದರಿಂದ ಒಂದೂವರೆ ಬಾರಿ ಏರಿಳಿಯುವಂತೆ ಸ್ಪ್ರಿಂಗ್ ಇದ್ದರೆ ಮನುಷ್ಯನ ದೇಹಕ್ಕೆ ಹಿತ. ಅದು ನಡಿಗೆಯ ಲಯಕ್ಕೆ ಹತ್ತಿರವಾದದ್ದು. ಸೆಕೆಂಡಿಗೆ ಒಂದೇ ಬಾರಿ ಏರಿಳಿಯಬೇಕಾದರೆ ಕಾರಿನ ತೂಕಕ್ಕೆ ಸ್ಪ್ರಿಂಗ್ ಸುಮಾರು 25 ಸೆಂ.ಮೀ. ಕುಗ್ಗಿ ನಿಂತಿರಬೇಕು. ಒಂದೂವರೆ ಬಾರಿಗೆ ಸುಮಾರು 11 ಸೆಂ.ಮೀ., ಎರಡು ಬಾರಿಗೆ ಸುಮಾರು 6 ಸೆಂ.ಮೀ. ಸಾಕು. ಅಂದರೆ ಮೃದುವಾದ ಸವಾರಿಗೆ ಚಕ್ರ ಮೇಲೆ ಕೆಳಗೆ ಓಡಾಡಲು ಹೆಚ್ಚು ಜಾಗ ಬೇಕು. ಆ ಕಾಲದ ಸಣ್ಣ ಕಾರುಗಳಲ್ಲಿ ಇಲ್ಲದಿದ್ದುದು ಅದೇ.

ಆದ್ದರಿಂದ ಮ್ಯಾಕ್‌ಫರ್ಸನ್ ಅವರು ಕೆಡೆಟ್ ಕಾರಿನ ನಾಲ್ಕೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ನೀಡಲು ನಿರ್ಧರಿಸಿದರು. ಚಕ್ರದ ಓಡಾಟಕ್ಕೆ ಹೆಚ್ಚು ಎಡೆಯನ್ನು ಕೊಟ್ಟು, ಅದಕ್ಕೆ ಬೇಕಾದ ಭಾಗಗಳನ್ನು ಕಡಿಮೆ ಮಾಡಿದರು. ಹೀಗೆ ಸ್ಟ್ರಟ್ ರೂಪುಗೊಂಡಿತು. 1946ರ ವೇಳೆಗೆ ಪರೀಕ್ಷಾರ್ಥ ಕಾರುಗಳು ಓಡಾಡಿದವು. ಆದರೆ ಯುದ್ಧಾನಂತರದ ಸಾಮಗ್ರಿಗಳ ಕೊರತೆ, ಏರುತ್ತಿದ್ದ ತಯಾರಿಕಾ ವೆಚ್ಚ ಮತ್ತು ಅಮೆರಿಕದ ಗ್ರಾಹಕರು ಸಣ್ಣ ಕಾರನ್ನು ಕೊಳ್ಳುವರೇ ಎಂಬ ಶಂಕೆಯಿಂದ ಯೋಜನೆಯನ್ನು ಮೊದಲು ಮುಂದೂಡಲಾಯಿತು, 1947ರಲ್ಲಿ ಕೈಬಿಡಲಾಯಿತು. ಅದೇ ವರ್ಷ ಸ್ಟ್ರಟ್ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಸಲ್ಲಿಕೆಯಾಗಿತ್ತು. 1953ರಲ್ಲಿ ದೊರೆತ ಆ ಪೇಟೆಂಟಿನ ಒಡೆತನ ಜನರಲ್ ಮೋಟರ್ಸ್‌ನದಾಯಿತು.

ಸ್ಟ್ರಟ್‌ನ ರಚನೆ

ಹಿಂದಿನ ವ್ಯವಸ್ಥೆಗಳಲ್ಲಿ ಚಕ್ರವನ್ನು ಹಿಡಿದಿಡಲು ಮೇಲೊಂದು ತೋಳು, ಕೆಳಗೊಂದು ತೋಳು, ಪ್ರತ್ಯೇಕ ಸ್ಪ್ರಿಂಗ್, ಪ್ರತ್ಯೇಕ ಶಾಕ್ ಅಬ್ಸಾರ್ಬರ್ ಬೇಕಾಗುತ್ತಿದ್ದವು. ಮ್ಯಾಕ್‌ಫರ್ಸನ್ ಅವರು ಮೇಲಿನ ತೋಳನ್ನು ತೆಗೆದುಹಾಕಿ, ಅದರ ಕೆಲಸವನ್ನು ಉದ್ದನೆಯ ಶಾಕ್ ಅಬ್ಸಾರ್ಬರ್‌ಗೇ ವಹಿಸಿದರು. ಅದರ ಸುತ್ತ ಸುರುಳಿ ಸ್ಪ್ರಿಂಗ್ ಇರುತ್ತದೆ. ಮೇಲ್ತುದಿಯನ್ನು ಕಾರಿನ ಮೈಗೆ ರಬ್ಬರ್ ಹಾಗೂ ಬೇರಿಂಗ್ ಮೂಲಕ ಜೋಡಿಸಲಾಗುತ್ತದೆ. ಕೆಳತುದಿಯನ್ನು ಒಂದೇ ಅಡ್ಡ ತೋಳು ಹಿಡಿದಿರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಇಡೀ ಸ್ಟ್ರಟ್ ತಿರುಗುತ್ತದೆ.

ಭಾಗಗಳು ಕಡಿಮೆಯಾದ್ದರಿಂದ ಬೆಲೆಯೂ ತೂಕವೂ ಇಳಿದವು. ಬಾಳಿಕೆಯ ದೃಷ್ಟಿಯಿಂದ ಇನ್ನೊಂದು ಲಾಭವಿತ್ತು. ಮೇಲಿನ ಮತ್ತು ಕೆಳಗಿನ ಹಿಡಿತಗಳ ನಡುವೆ ಅಂತರ ಹೆಚ್ಚಿರುವುದರಿಂದ ಅಡ್ಡ ಬಲಗಳು ಕಾರಿನ ಮೈಯ ದೂರದೂರದ ಬಿಂದುಗಳಿಗೆ ಹಂಚಿಹೋಗುತ್ತವೆ. ಯಾವ ಒಂದು ಬಿಂದುವಿನ ಮೇಲೂ ಭಾರ ಗುಡ್ಡೆಯಾಗುವುದಿಲ್ಲ.

ದೋಷಗಳೂ ಇವೆ. ಚಕ್ರದ ಅಡ್ಡ ಒತ್ತಡವನ್ನು ಶಾಕ್ ಅಬ್ಸಾರ್ಬರಿನ ಸರಳೇ ಹೊರಬೇಕಾದ್ದರಿಂದ ಅದು ಒಳಗೋಡೆಗೆ ಉಜ್ಜುತ್ತದೆ, ಎಣ್ಣೆ ತಡೆಯುವ ಸೀಲು ಸವೆಯುತ್ತದೆ, ಸಣ್ಣ ಉಬ್ಬುಗಳ ಮೇಲೆ ಸ್ಟ್ರಟ್ ಸುಲಭವಾಗಿ ಕದಲುವುದಿಲ್ಲ. ಸ್ಪ್ರಿಂಗಿನ ಅಕ್ಷವನ್ನು ಸ್ಟ್ರಟ್ ಅಕ್ಷಕ್ಕೆ ಸ್ವಲ್ಪ ಓರೆಯಾಗಿ ಇಡುವ ಕ್ರಮ ಮುಂದೆ ಬಳಕೆಗೆ ಬಂದು ಈ ಉಜ್ಜಾಟ ಕಡಿಮೆಯಾಯಿತು. ರಸ್ತೆಯ ಸದ್ದು ಮೇಲ್ತುದಿಯ ಮೂಲಕ ಒಡಲಿಗೆ ಬೇಗ ಮುಟ್ಟುತ್ತದೆ ಎಂಬುದು ಇನ್ನೊಂದು ದೂರು.

ಈ ಕಲ್ಪನೆ ಪೂರ್ತಿ ಮ್ಯಾಕ್‌ಫರ್ಸನ್ ಅವರೊಬ್ಬರದೇ ಎನ್ನಲಾಗದು. ಇಟಲಿಯ ಫಿಯಟ್ ಕಂಪನಿಯ ಗೀಡೊ ಫೋರ್ನಾಕಾ 1920ರ ದಶಕದಲ್ಲೇ ಇದನ್ನು ಹೋಲುವ ವಿನ್ಯಾಸ ಮಾಡಿದ್ದರು. ಅದನ್ನು ಲಕ್ಷಾಂತರ ಸಂಖ್ಯೆಯಲ್ಲಿ ತಯಾರಿಸಬಹುದಾದ, ಸಾಮಾನ್ಯ ಕಾರಿಗೆ ಒಗ್ಗುವ ರೂಪಕ್ಕೆ ತಂದದ್ದು ಮ್ಯಾಕ್‌ಫರ್ಸನ್ ಅವರ ಸಾಧನೆ.

ಫೋರ್ಡ್ ಕಂಪನಿಯಲ್ಲಿ

ಕೆಡೆಟ್ ಯೋಜನೆ ನಿಂತ ಬಳಿಕ 1947ರಲ್ಲೇ ಮ್ಯಾಕ್‌ಫರ್ಸನ್ ಅವರು ಜನರಲ್ ಮೋಟರ್ಸ್ ಬಿಟ್ಟು ಎದುರಾಳಿ ಸಂಸ್ಥೆಯಾದ ಫೋರ್ಡ್ ಸೇರಿದರು. ಹಳೆಯ ಪೇಟೆಂಟ್ ಹಿಂದಿನ ಸಂಸ್ಥೆಯಲ್ಲೇ ಉಳಿದುದರಿಂದ ಅವರು ಸ್ಟ್ರಟ್‌ಗೆ ಹೊಸ ರೂಪ ಕೊಟ್ಟು, 1949ರಲ್ಲಿ ಫೋರ್ಡ್ ಪರವಾಗಿ ಮತ್ತೊಂದು ಅರ್ಜಿ ಸಲ್ಲಿಸಿದರು. ಅದಕ್ಕೂ 1953ರಲ್ಲಿ ಪೇಟೆಂಟ್ ದೊರೆಯಿತು.

ಅವರ ವಿನ್ಯಾಸಕ್ಕೆ ಮೊದಲ ದೊಡ್ಡ ಅವಕಾಶ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ಬ್ರಿಟಿಷ್ ಫೋರ್ಡ್ 1950ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಕಾನ್ಸಲ್ ಮತ್ತು ಜೆಫಿರ್ ಕಾರುಗಳನ್ನು ಮುಂದಿಟ್ಟಿತು. ಎರಡಕ್ಕೂ ಮುಂಭಾಗದಲ್ಲಿ ಸ್ಟ್ರಟ್‌ಗಳಿದ್ದವು. ಈ ಕಾರುಗಳಿಗೆ ಪ್ರತ್ಯೇಕ ಚಾಸಿಸ್ ಇರಲಿಲ್ಲ, ಒಡಲೇ ಚೌಕಟ್ಟಾಗಿತ್ತು. ಸ್ಟ್ರಟ್‌ನ ಮೇಲ್ತುದಿಯನ್ನು ಹಿಡಿಯಲು ಎತ್ತರದ, ಗಟ್ಟಿಯಾದ ಮೈ ಬೇಕಾದುದರಿಂದ ಇಂಥ ರಚನೆಯೇ ಅದಕ್ಕೆ ತಕ್ಕುದಾಗಿತ್ತು. ಪ್ರತ್ಯೇಕ ಚಾಸಿಸ್ ಮೇಲೆ ನಿಂತಿದ್ದ ಅಮೆರಿಕದ ಅಂದಿನ ದೊಡ್ಡ ಫೋರ್ಡ್ ಕಾರುಗಳಿಗೆ ಅದು ಒಗ್ಗಲಿಲ್ಲ.

ಮ್ಯಾಕ್‌ಫರ್ಸನ್ ಅವರು 1952ರಲ್ಲಿ ಫೋರ್ಡ್‌ನ ಮುಖ್ಯ ಇಂಜಿನಿಯರ್ ಆದರು. 1952ರ ಲಿಂಕನ್ ಮತ್ತು 1954ರ ಫೋರ್ಡ್ ಕಾರುಗಳ ಮುಂಚಕ್ರಗಳಲ್ಲಿ ಹಳೆಯ ಕಿಂಗ್‌ಪಿನ್‌ಗಳ ಜಾಗಕ್ಕೆ ಬಾಲ್ ಜಾಯಿಂಟ್‌ಗಳು ಬಂದವು. ಹಲವು ದಿಕ್ಕಿನ ಚಲನೆಯನ್ನು ಒಂದೇ ಕೀಲು ನಿಭಾಯಿಸುವುದರಿಂದ ಸವೆಯುವ ಜಾಗಗಳು ಕಡಿಮೆಯಾದವು. 1958ರಲ್ಲಿ ಅವರು ನಿವೃತ್ತರಾದರು. ನಿವೃತ್ತಿಯ ಎರಡು ವರ್ಷಗಳೊಳಗೆ, 1960ರ ಜನವರಿಯಲ್ಲಿ, ನಿಧನರಾದರು.

ಬಿಗಿತ, ಸವಾರಿ ಮತ್ತು ಬಾಳಿಕೆ

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಕೂಡಿದ್ದುದರಿಂದ ಮ್ಯಾಕ್‌ಫರ್ಸನ್ ಸ್ಟ್ರಟ್ ಹೊಂದಾಣಿಕೆಗೆ ಅನುಕೂಲವಾಯಿತು. ಮೋಟಾರು ರ‍್ಯಾಲಿಗಳಲ್ಲಿಯೂ, ನಂತರ ಸಾಮಾನ್ಯ ಮಾಲೀಕರಲ್ಲಿಯೂ ಬಿಗಿತವನ್ನು ಬದಲಾಯಿಸಬಹುದಾದ ಸ್ಟ್ರಟ್‌ಗಳು ಹರಡಿದವು. ಇವುಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಹೊಂದಾಣಿಕೆಗಳಿವೆ. ಸ್ಪ್ರಿಂಗಿನ ಕೆಳಗಿನ ಉಂಗುರವನ್ನು ತಿರುಗಿಸಿದರೆ ಕಾರಿನ ಎತ್ತರ ಬದಲಾಗುತ್ತದೆ. ಸರಳಿನ ತುದಿಯ ತಿರುಪನ್ನು ತಿರುಗಿಸಿದರೆ ಒಳಗಿನ ಎಣ್ಣೆ ಹರಿಯುವ ಕಂಡಿ ಹಿರಿದೋ ಕಿರಿದೋ ಆಗಿ ಶಾಕ್ ಅಬ್ಸಾರ್ಬರಿನ ತಡೆ ಬದಲಾಗುತ್ತದೆ.

ಉಂಗುರವನ್ನು ಬಿಗಿ ಮಾಡಿದರೆ ಸ್ಪ್ರಿಂಗೇ ಬಿಗಿಯಾಗುತ್ತದೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ಸಮಸುರುಳಿಯ ಸ್ಪ್ರಿಂಗಿನ ಬಿಗಿತ ಅದರ ತಂತಿಯ ದಪ್ಪ, ಸುರುಳಿಯ ಅಗಲ ಮತ್ತು ಸುತ್ತುಗಳ ಸಂಖ್ಯೆಯನ್ನು ಅವಲಂಬಿಸಿದೆ. ಉಂಗುರದಿಂದ ಅದು ಬದಲಾಗುವುದಿಲ್ಲ. ಸ್ಪ್ರಿಂಗ್ ಬದಲಾಯಿಸಿ ಬಿಗಿತವನ್ನು ಇಮ್ಮಡಿಗೊಳಿಸಿದರೂ ಒಡಲಿನ ಏರಿಳಿತದ ವೇಗ ಇಮ್ಮಡಿಯಾಗದೆ ಸುಮಾರು 1.4 ಪಟ್ಟು ಹೆಚ್ಚುತ್ತದೆ.

ಬಿಗಿಯಾದದ್ದೆಲ್ಲ ಗಟ್ಟಿ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ರಸ್ತೆಯ ಏಟು ಎಲ್ಲಿಯಾದರೂ ತೀರಲೇಬೇಕು. ಸ್ಪ್ರಿಂಗ್ ಅದನ್ನು ನುಂಗದಿದ್ದರೆ ಸ್ಟ್ರಟ್‌ನ ಮೇಲ್ತುದಿಯ ರಬ್ಬರ್, ಬೇರಿಂಗ್, ಕೆಳತೋಳಿನ ಬುಷ್, ಬಾಲ್ ಜಾಯಿಂಟ್ ಮತ್ತು ಕಾರಿನ ಮೈಯ ಬೆಸುಗೆಗಳು ಅದನ್ನು ಹೊರಬೇಕಾಗುತ್ತದೆ. ಮರುಕಳಿಸುವ ಏಟಿನಿಂದ ಲೋಹ ದಣಿಯುತ್ತದೆ. ಏಟಿನ ಬಲ ಸ್ವಲ್ಪ ಹೆಚ್ಚಿದರೂ ಅದರ ಆಯುಷ್ಯ ಬಹಳಷ್ಟು ಇಳಿಯುತ್ತದೆ. ಶಾಕ್ ಅಬ್ಸಾರ್ಬರಿನ ತಡೆ ಅತಿಯಾದರೆ, ಒಂದು ಉಬ್ಬಿನಿಂದ ಇಳಿದ ಚಕ್ರ ಪೂರ್ತಿ ಕೆಳಗೆ ಬರುವ ಮೊದಲೇ ಮುಂದಿನ ಉಬ್ಬು ಎದುರಾಗುತ್ತದೆ. ಸಾಲು ಉಬ್ಬುಗಳ ಮೇಲೆ ಕಾರು ಹಂತಹಂತವಾಗಿ ಕುಸಿದು, ಓಡಾಟದ ಎಡೆ ಕರಗಿ, ಸವಾರಿ ಕಲ್ಲಿನಂತಾಗುತ್ತದೆ.

ಅತಿ ಸಡಿಲವೂ ಒಳ್ಳೆಯದಲ್ಲ. ತಡೆ ಸಾಲದಿದ್ದರೆ ಚಕ್ರ ಕುಪ್ಪಳಿಸಿ ಟೈರು ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆಯುತ್ತದೆ. ಕಾರು ಮತ್ತೆ ಮತ್ತೆ ಕೆಳಗಿನ ತಡೆಗೆ ಬಡಿಯುತ್ತದೆ, ಆ ಕ್ಷಣದಲ್ಲಿ ಬೀಳುವ ಏಟು ಬಿಗಿ ಸ್ಪ್ರಿಂಗಿನ ಏಟಿಗಿಂತಲೂ ಜೋರು. ನೋಟಕ್ಕಾಗಿ ಕಾರನ್ನು ತಗ್ಗಿಸುವವರು ಕಳೆದುಕೊಳ್ಳುವುದು ಇದೇ ಓಡಾಟದ ಎಡೆಯನ್ನು. ಅಂದರೆ ಮ್ಯಾಕ್‌ಫರ್ಸನ್ ಅವರು ಕೆಡೆಟ್ ಕಾರಿಗೆ ದೊರಕಿಸಲು ಶ್ರಮಿಸಿದ ಅದೇ ವಸ್ತುವನ್ನು.

ಕರ್ನಾಟಕದ ರಸ್ತೆಗಳಲ್ಲಿ

ಭಾರತದಲ್ಲಿ ದಶಕಗಳ ಕಾಲ ಓಡಿದ ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಈ ಸ್ಟ್ರಟ್ ಇರಲಿಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿನ ಮುಂಭಾಗದ ಮೂಲಕ ಅದು ಸಾಮಾನ್ಯ ಕುಟುಂಬಗಳ ಮನೆಬಾಗಿಲಿಗೆ ಬಂದಿತು. ಮುಂದೆ ರಾಮನಗರ ಬಳಿಯ ಬಿಡದಿಯಲ್ಲಿ ತಯಾರಾದ ಟೊಯೊಟಾ ಕೊರೊಲ್ಲಾ ಮತ್ತು ಎಟಿಯೋಸ್ ಕಾರುಗಳಲ್ಲಿಯೂ ಇದೇ ವ್ಯವಸ್ಥೆ ಇದ್ದಿತು.

ಒಂದೇ ಹೊಂದಾಣಿಕೆ ಎಲ್ಲ ರಸ್ತೆಗೂ ಸಲ್ಲದು ಎಂಬುದಕ್ಕೆ ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ಪ್ರದೇಶ ಒಳ್ಳೆಯ ಉದಾಹರಣೆ. ಕಡೂರು, ಬೀರೂರು, ತರೀಕೆರೆಗಳ ಮೂಲಕ ಶಿವಮೊಗ್ಗಕ್ಕೆ ಸಾಗುವ ಹೆದ್ದಾರಿಯಲ್ಲಿ ವೇಗ ಹೆಚ್ಚು, ದೊಡ್ಡ ಏಟು ಅಪರೂಪ. ಅಲ್ಲಿ ಶಾಕ್ ಅಬ್ಸಾರ್ಬರಿನ ತಡೆ ತುಸು ಬಿಗಿಯಾಗಿದ್ದರೆ ಕಾರು ತೇಲಾಡದೆ ನೆಲ ಹಿಡಿದು ಸಾಗುತ್ತದೆ. ತರೀಕೆರೆಯಿಂದ ಲಿಂಗದಹಳ್ಳಿ ಮಾರ್ಗವಾಗಿ ಕೆಮ್ಮಣ್ಣುಗುಂಡಿಗೆ ಏರುವ ಘಟ್ಟದ ತಿರುವುಗಳಲ್ಲಿ ವೇಗ ಕಡಿಮೆ, ವಾಲಾಟ ಹೆಚ್ಚು. ಕಾರಿನ ಹೊರೆ ಪ್ರತಿ ತಿರುವಿನಲ್ಲೂ ಹೊರಬದಿಯ ಸ್ಟ್ರಟ್ ಮೇಲೆ ಬೀಳುತ್ತದೆ. ಅಲ್ಲಿ ವಾಲಾಟ ತಡೆಯಲು ಒಂದಿಷ್ಟು ಬಿಗಿತ ಬೇಕು, ಗುಂಡಿಗಳನ್ನು ನುಂಗಲು ಓಡಾಟದ ಎಡೆಯೂ ಬೇಕು. ಅಜ್ಜಂಪುರದ ಸುತ್ತಿನ ಎರೆಭೂಮಿಯ ಸ್ವಭಾವ ಬೇರೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ಹಾಸಿದ ರಸ್ತೆ ಅಲೆಅಲೆಯಾಗುತ್ತದೆ. ಇಂಥ ಅಲೆಗಳ ಮೇಲೆ ಶಾಕ್ ಅಬ್ಸಾರ್ಬರ್ ಎಡೆಬಿಡದೆ ದುಡಿದು ಬಿಸಿಯಾಗುತ್ತದೆ, ಎಣ್ಣೆ ತೆಳುವಾಗುತ್ತದೆ. ಹೆದ್ದಾರಿಗಾಗಿ ಮಾಡಿದ ಬಿಗಿ ಹೊಂದಾಣಿಕೆಯಲ್ಲೇ ಇಲ್ಲಿ ಓಡಾಡಿದರೆ ಮೊದಲು ಸವೆಯುವುದು ಮೇಲ್ತುದಿಯ ರಬ್ಬರ್ ಮತ್ತು ಬುಷ್‌ಗಳು.

ಹೊಂದಾಣಿಕೆಯ ತಿರುಪು ಇಲ್ಲದ ಸಾಮಾನ್ಯ ಕಾರುಗಳಲ್ಲಿ ತಯಾರಕರು ಈ ಮೂರೂ ಬಗೆಯ ರಸ್ತೆಗಳಿಗೆ ನಡುವಿನ ಬಿಗಿತವೊಂದನ್ನು ಆರಿಸಿರುತ್ತಾರೆ. ತಿರುಪು ಇರುವಲ್ಲಿ ಎಡಬಲ ಸ್ಟ್ರಟ್‌ಗಳೆರಡನ್ನೂ ಒಂದೇ ಅಳತೆಗೆ ಇಡುವುದು, ನಡುವಿನಿಂದ ಆರಂಭಿಸಿ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸುವುದು ಮತ್ತು ಎತ್ತರ ಬದಲಾಯಿಸಿದ ನಂತರ ಚಕ್ರಗಳ ಅಲೈನ್‌ಮೆಂಟ್ ಮಾಡಿಸುವುದು ರೂಢಿಯ ಕ್ರಮ.

ಪ್ರಭಾವ

ಮ್ಯಾಕ್‌ಫರ್ಸನ್ ಅವರ ಮರಣಾನಂತರ ಅವರ ವಿನ್ಯಾಸ ವೇಗವಾಗಿ ಹರಡಿತು. 1960ರ ಪೂಜೊ 404, 1962ರ ಬಿಎಂಡಬ್ಲ್ಯು 1500 ಮತ್ತು 1974ರ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರುಗಳು ಇದನ್ನು ಅಳವಡಿಸಿಕೊಂಡವು. ಎಂಜಿನ್ನನ್ನು ಅಡ್ಡಲಾಗಿ ಇಟ್ಟು ಮುಂಚಕ್ರಗಳಿಗೆ ಶಕ್ತಿ ನೀಡುವ ಕಾರುಗಳು ಹೆಚ್ಚಿದಂತೆ, ಮೇಲಿನ ತೋಳಿಲ್ಲದ ಸ್ಟ್ರಟ್ ಎಂಜಿನ್ನಿಗೆ ಜಾಗ ಬಿಟ್ಟುಕೊಡುವ ಕಾರಣದಿಂದ ಅದರ ಬೇಡಿಕೆ ಮತ್ತಷ್ಟು ಬೆಳೆಯಿತು.

ಕೆಡೆಟ್ ಯೋಜನೆಯನ್ನು ಕೈಬಿಟ್ಟ ಷೆವರ್ಲೆ ಕೂಡ 1980ರ ಮಾದರಿಯ ಸೈಟೇಷನ್ ಎಂಬ ಸಣ್ಣ ಕಾರಿನ ಮುಂಭಾಗಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್ ಅಳವಡಿಸಿತು. ಆ ವೇಳೆಗೆ ಕೆಡೆಟ್ ನಿಂತು ಮೂವತ್ತು ವರ್ಷಗಳ ಮೇಲಾಗಿತ್ತು, ಮ್ಯಾಕ್‌ಫರ್ಸನ್ ಅವರು ತೀರಿಕೊಂಡು ಸುಮಾರು ಇಪ್ಪತ್ತು ವರ್ಷಗಳಾಗಿದ್ದವು.